ಮಾವನ ಕಾಲೂ ನನ್ನ ಫೋನೂ

ನನ್ನ ಸೋದರಮಾವನ ಎಡಗಾಲಿಗೆ ಇರುವಷ್ಟು ಬುದ್ಧಿ ಅವರ ತಲೆಗೆ ಇಲ್ಲ. ಇದು ಸಿಟ್ಟಿನಲ್ಲಿ ಹೇಳುವ ಮಾತಲ್ಲ, ದಣಿದು ಹೇಳುವ ಮಾತು.

ಮದುವೆಯ ಗೊಡವೆಗೇ ಹೋಗದೆ ಜವನಗೊಂಡನಹಳ್ಳಿಯಲ್ಲಿ ಒಬ್ಬರೇ ಇರುವ ಮಾವನಿಗೆ ಸಕ್ಕರೆ ಕಾಯಿಲೆ. ಎಡಪಾದದ ಅಡಿಯಲ್ಲಿ ಆದ ಗಾಯ ವರ್ಷ ಕಳೆದರೂ ಮಾಯಲಿಲ್ಲ. ಅರಿಶಿನ ಹಚ್ಚಿದರು, ಬೂದಿ ಹಚ್ಚಿದರು, ಕೊನೆಗೆ ನಶ್ಯವನ್ನೂ ಮೆತ್ತಿದರು. ಪಾದಕ್ಕೆ ಸೀನು ಬರಲಿಲ್ಲ ಅನ್ನುವುದೇ ಪುಣ್ಯ!

ಕಡೆಗೆ ಚಿತ್ರದುರ್ಗದ ಡಾಕ್ಟರೊಬ್ಬರು ಹೊಸ ನಮೂನೆಯ ಪಟ್ಟಿ ಅಂಟಿಸಿದರು. ಗಾಯ ಒದ್ದೆಯಾದರೆ, ಬಿಸಿ ಏರಿದರೆ ಅದರೊಳಗಿನ ಸೆನ್ಸರ್ ಕೂಡಲೇ ಡಾಕ್ಟರಿಗೂ, ಹಿರಿಯೂರಿನಲ್ಲಿ ಮೇಷ್ಟ್ರಮ್ಮನಾಗಿರುವ ನನಗೂ ಫೋನಿನಲ್ಲಿ ಸುದ್ದಿ ಮುಟ್ಟಿಸುತ್ತದೆ. ಆವತ್ತಿಗೆ ನನ್ನ ನೆಮ್ಮದಿ ಮುಗಿಯಿತು.

ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಫೋನು ಕಿರುಗುಟ್ಟಿತು: ಗಾಯ ಒದ್ದೆಯಾಗಿದೆ. ಕರೆ ಮಾಡಿದರೆ, ಕಾಲನ್ನು ನೆಲಕ್ಕೇ ಇಟ್ಟಿಲ್ಲವೆಂದು ಮಾವ ಆಣೆ ಮಾಡಿದರು. ಹಿಂದಿನಿಂದ ನೀರು ಹರಿಯುವ ಸದ್ದು ಕೇಳುತ್ತಿತ್ತು. ಪುಣ್ಯಾತ್ಮರು ಬದನೆ ಸಾಲಿಗೆ ನೀರು ಬಿಡುತ್ತ ಕೆಸರಿನಲ್ಲೇ ನಿಂತಿದ್ದರು!

ಮತ್ತೊಂದು ದಿನ ಗಾಯ ಬಿಸಿಯಾಗಿದೆ ಎಂದು ಬಂತು. ಜ್ವರವೇನೋ ಎಂದು ರಜೆ ಹಾಕಿ ಓಡಿದೆ. ಮಾವ ಒಲೆಯ ಮುಂದೆ ಕಾಲು ಚಾಚಿ ಕುಳಿತಿದ್ದರು.

"ಒದ್ದೆ ಒದ್ದೆ ಅಂತ ಬಡ್ಕಂತಿದ್ಯಲ್ಲವ್ವ, ಒಣಗಿಸ್ತಿದೀನಿ."

ಅಂದಿನಿಂದ ಆ ಪಟ್ಟಿಗೆ ಚಾಡಿಕೋರ ಎಂದು ಹೆಸರಾಯಿತು. ಗುಟ್ಟಿನ ಮಾತಿದ್ದರೆ ಮಾವ ಮೊದಲು ಕಾಲಿಗೆ ದುಪ್ಪಟಿ ಹೊದಿಸಿ, ಆಮೇಲೆ ಬಾಯಿ ತೆರೆಯುತ್ತಿದ್ದರು.

ಹೀಗಿರುವಾಗ ಫೋನು ಇದ್ದಕ್ಕಿದ್ದಂತೆ ಸುಮ್ಮನಾಯಿತು. ಗಾಯ ಒಣಗಿದೆ, ಬಿಸಿ ಇಲ್ಲ. ಡಾಕ್ಟರು ಹಿಗ್ಗಿದರು. ನಾನೂ ಹೊಟ್ಟೆತುಂಬ ಉಂಡು ಮಲಗಿದೆ. ಆದರೆ ನಮ್ಮ ಮಾವನ ಕಾಲು ಹೇಳಿದ ಮಾತು ಕೇಳುತ್ತದೆಂದರೆ ನಂಬುವುದು ಹೇಗೆ? ಭಾನುವಾರ ಬಸ್ಸು ಹತ್ತಿದೆ.

ಮಾವ ಜಗುಲಿಯ ಮೇಲೆ ಕುಳಿತಿದ್ದರು. ಪಟ್ಟಿ ಬಲಗಾಲಿನಲ್ಲಿತ್ತು. ಏನೂ ಆಗದ, ಗಟ್ಟಿಮುಟ್ಟಾದ ಬಲಗಾಲು! ಎಡಗಾಲಿಗೆ ಹಳೆ ಪಂಚೆಯ ಚೂರು ಸುತ್ತಿಕೊಂಡಿದ್ದರು. ಬಿಚ್ಚಿದೆ. ವಾಸನೆ ಬಡಿಯಿತು. ಹೆಬ್ಬೆರಳು ಕಪ್ಪಾಗಿತ್ತು.

ಬಯ್ಯಲೂ ನನ್ನಲ್ಲಿ ತ್ರಾಣವಿರಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದಷ್ಟೇ ಕೇಳಿದೆ.

ಮಾವ ನನ್ನ ಮುಖ ನೋಡದೆ ಹೇಳಿದರು: "ಹೋದ ಸಲ ಬಂದಾಗ ನೀನು ನಿಂತ್ಕಂಡೇ ತೂಕಡಿಸ್ತಿದ್ದೆ ಕಣವ್ವ. ನನ್ ಕಾಲಿಗೆ ನೋವೇ ಗೊತ್ತಾಗಲ್ಲ. ನೋವೆಲ್ಲ ನಿನಗೇ ಆಗ್ತೈತೆ. ನಾಕು ದಿನ ಸುಧಾರಿಸ್ಕಳ್ಲಿ ಅಂತ ಒಳ್ಳೆ ಕಾಲಿಗೆ ಹಚ್ಚಿದೆ."

ಆಗಲೇ ಗಾಡಿ ಮಾಡಿಕೊಂಡು ಚಿತ್ರದುರ್ಗಕ್ಕೆ ಹೋದೆವು. ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ಆಪರೇಷನ್ನಿನ ಮರುದಿನ ಮಧ್ಯಾಹ್ನ ಮಾವ ಮೆಲ್ಲಗೆ ಸರಿದು ಮಂಚದಲ್ಲಿ ಜಾಗ ಮಾಡಿದರು.

"ಸ್ವಲ್ಪ ಮಲಕ್ಕಳವ್ವ."

ಮಂಚದ ಅಂಚಿನಲ್ಲಿ ಮುದುಡಿದೆ. ಎಚ್ಚರವಾದಾಗ ಬಿಸಿಲು ಇಳಿದಿತ್ತು. ಮಾವನ ಅಂಗೈ ನನ್ನ ತಲೆಯಡಿ ಇತ್ತು. ಎಳೆದುಕೊಂಡರೆ ನಾನು ಎದ್ದೇನೆಂದು ಅವರು ಊಟವನ್ನೂ ಮುಟ್ಟದೆ ಹಾಗೇ ಕುಳಿತಿದ್ದರು.