ಬಚ್ಚಪ್ಪ ಮೆದುಳು ಬರೆದುಕೊಟ್ಟದ್ದು

"ಬಚ್ಚಪ್ಪಣ್ಣೋ, ಕೆಟ್ಟೆ! ನಿನ್ ಎಂಡ್ತಿ ಉರಿಗಾಂ ಡಾಕ್ಟ್ರು ಕ್ಯಾಂಪ್‌ನಾಗೆ ಮೆದುಳು ಬರ್ಕೊಟ್ಟವಳಂತೆ!"

ಪಕ್ಕದ ಮನೆಯ ಪಾಪಕ್ಕ ಬೇಲಿಯಾಚೆಯಿಂದ ಕೂಗಿದ್ದೇ ತಡ, ಹಾಲು ಕರೆಯುತ್ತಿದ್ದ ಬಚ್ಚಪ್ಪನ ಕೈ ತಪ್ಪಿತು. ಹಸು ಒದೆಯಿತು. ಬಕೆಟ್ಟು ಒಂದು ಕಡೆ, ಬಚ್ಚಪ್ಪ ಒಂದು ಕಡೆ.

ಹೆಂಡತಿ ಇಂದ್ರಾಣಿ ತವರಿಗೆ ಹೋಗಿದ್ದಳು. ಫೋನು ಎತ್ತಲಿಲ್ಲ.

ಪಾಪಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕ್ಯಾಂಪಿಗೆ ಹೊರಟು ಬಂಗಾರಪೇಟೆ ದಾಟುವಾಗ ಟೀ ಅಂಗಡಿಯ ಮುನಿಶಾಮಿ ಅಡ್ಡ ಬಂದ. "ಇವತ್ತೇ ತೆಗೀತಾರೆ ಕಣ್ಲಾ! ಐಸ್ ಪೆಟ್ಟಿಗೆ ತಂದವ್ರೆ, ನಾನೇ ಕಂಡೆ."

ಬಚ್ಚಪ್ಪನ ಮುಖ ದೋಸೆ ಹಿಟ್ಟಿನಂತೆ ಬಿಳುಚಿಕೊಂಡಿತು. ಮುನಿಶಾಮಿಯೂ ಸ್ಕೂಟರ್ ಹತ್ತಿದ.

ಕ್ಯಾಂಪಿನ ಬಾಗಿಲಲ್ಲೇ ಬಚ್ಚಪ್ಪ ಅರಚಿದ: "ನನ್ ಎಂಡ್ತಿ ಇಂದ್ರಾಣಿ ಮೆದುಳು ವಾಪಸ್ ಕೊಡ್ರಮ್ಮ!"

ಡಾಕ್ಟರ್ ತ್ರಿವೇಣಿ ನಗು ತಡೆದುಕೊಂಡರು. "ಸತ್ತ ಮೇಲೆ ತಗೊಳ್ಳೋದು ಕಣ್ರೀ. ಆಲ್ಜೈಮರ್ಸ್ ಅಂತ ಮರೆವಿನ ಕಾಯಿಲೆ. ವಾಸಿ ಮಾಡೋ ಔಷಧಿ ಇನ್ನೂ ಇಲ್ಲ. ಮೆದುಳೊಳಗೆ ಏನು ಕೆಡುತ್ತೆ ಅಂತ ನೋಡದೆ ಹುಡುಕೋದು ಹೇಗೆ?"

ಬಚ್ಚಪ್ಪ ಬೆಂಚಿನ ಮೇಲೆ ಕುಸಿದ. ಅವನ ಹೆತ್ತಮ್ಮ ಕೊನೆಯ ಎರಡು ವರ್ಷ ಅವನನ್ನು ನೋಡಿದಾಗಲೆಲ್ಲ "ಯಾರು ಸ್ವಾಮಿ ನೀವು?" ಎಂದೇ ಕೇಳಿದ್ದಳು. ದಿನಾ ಬೆಳಗ್ಗೆ ಅಮ್ಮನಿಗೆ ತನ್ನ ಹೆಸರು ಹೇಳಿ, ಆಮೇಲೆ ಕಾಫಿ ಕುಡಿಸುತ್ತಿದ್ದ.

"ನಂದೂ ಬರ್ಕೊಳ್ಳಿ," ಎಂದ, ಕಣ್ಣೊರೆಸಿಕೊಂಡು.

ಡಾಕ್ಟರ್ ಫಾರಮ್ಮು ಚಾಚಿದರು. ಓದದೆಯೇ ಸಹಿ ಹಾಕಿದ. ಪಾಪಕ್ಕ, ಮುನಿಶಾಮಿ ಹೌಹಾರಿ ನಿಂತರು.

"ಅಬ್ಬಾ, ಇದೊಂದು ಸಹಿ ಉಳಿದಿತ್ತು," ಎಂದರು ಡಾಕ್ಟರ್.

"ಉಳ್ದಿತ್ತಾ?"

"ಮೊನ್ನೆ ಇಂದ್ರಾಣಮ್ಮ ತುಂಬಿ ಹೋದದ್ದು ನಿಮ್ಮ ಫಾರಮ್ಮೇ. ತಾಯಿಗೆ ಕಾಯಿಲೆ ಇತ್ತಲ್ಲ, ನಿಮ್ಮಂಥವರದ್ದು ಸಂಶೋಧನೆಗೆ ತುಂಬಾ ಮುಖ್ಯ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಇಂದ್ರಾಣಿ!

"ಲೇ, ನಂದು ಬರ್ಕೊಟ್ಟಿದ್ದೀಯೇನೇ?"

"ಅತ್ತೆ ನಿನ್ನ ಮರ್ತಂಗೆ ನಾಳೆ ನೀನು ನನ್ನ ಮರ್ತ್ರೆ? ಅಷ್ಟ್ರೊಳಗೆ ಯಾರಾದ್ರೂ ಔಸ್ದಿ ಕಂಡಿಡೀಲಿ ಅಂತ."

"ನನ್ ಒಂದ್ ಮಾತು ಕೇಳ್ಬಾರ್ದಾ?"

"ಕೇಳಿದ್ರೆ ನೀನು ಬತ್ತಿದ್ಯಾ? ಅದ್ಕೇ ನನ್ ಮೆದುಳು ಬರ್ಕೊಟ್ಟೆ ಅಂತ ಪಾಪಕ್ಕನ ಕಿವಿಗೆ ಆಕಿ ಬಂದೆ. ಸೈನ್ ಆಯ್ತಾ?"

ಬಚ್ಚಪ್ಪ ಫೋನನ್ನು ಪಾಪಕ್ಕನ ಕೈಗಿಟ್ಟ: "ಇದ್ನೂ ನೀನೇ ಏಳು."