ಅಜ್ಜನಿಗೊಂದು ಕುಪ್ಪಿ ಕಳಿ

ಕುಡಿಯುವವನ ಬಗ್ಗೆ ಊರಿಗೆ ಕುತೂಹಲ ಇರುವುದಿಲ್ಲ. ಅವನು ಸಂಜೆ ಎಲ್ಲಿಗೆ ಹೋಗುತ್ತಾನೆ, ಬಂದ ಮೇಲೆ ಯಾರಿಗೆ ಬೈಯುತ್ತಾನೆ, ಎಲ್ಲ ಗೊತ್ತಿರುವ ವಿಷಯ. ಊರಿನ ಕಣ್ಣೆಲ್ಲ ಇರುವುದು ಕುಡಿಯದವನ ಮೇಲೆ. ಇವನು ಯಾವತ್ತು ಜಾರುತ್ತಾನೆ ಎಂದು ಕಾಯುವುದರಲ್ಲಿ ಜನರಿಗೆ ಏನೋ ಒಂದು ಸುಖವಿದೆ. ನಾನು ಮಂಜೇಶ್ವರದ ಕಡೆ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ಮಾಷ್ಟ್ರು. ಕಾಫಿಗಿಂತ ಗಟ್ಟಿಯಾದದ್ದನ್ನು ಬಾಯಿಗೆ ಇಟ್ಟವನಲ್ಲ. ಆ ಒಂದೇ ಅರ್ಹತೆಯ ಮೇಲೆ ಪ್ರತಿವರ್ಷ ನಮ್ಮ ಶಾಲೆಯಲ್ಲಿ ಕುಡಿತದ ಕೆಡುಕಿನ ಬಗ್ಗೆ ಭಾಷಣ ಮಾಡುವ ಕೆಲಸ ನನ್ನದು. ನಾನು ಮಾತಾಡುತ್ತೇನೆ, ಮಕ್ಕಳು ನಿದ್ದೆ ಮಾಡುತ್ತಾರೆ, ಕೊನೆಯಲ್ಲಿ ಹೆಡ್ ಟೀಚರು ಒಂದು ಶಾಲು ಹೊದೆಸುತ್ತಾರೆ. ಬೇರೆ ಯಾವ ಸಭೆಗೂ ನನ್ನನ್ನು ಯಾರೂ ಕರೆಯುವುದಿಲ್ಲವಾದ್ದರಿಂದ ಈ ಭಾಷಣವೆಂದರೆ ನನಗೆ ಪ್ರಾಣ.

ಅದಕ್ಕೆ ಸಂಚಕಾರ ಬಂದದ್ದು ಹೆಂಡತಿಯ ಕಿವಿಯ ಓಲೆಯಿಂದ. ಅದು ಒಂದು ಬೆಳಿಗ್ಗೆ ಕಾಣೆಯಾಯಿತು. ನಮ್ಮಲ್ಲಿ ವಸ್ತು ಕಳೆದರೆ ಹುಡುಕುವುದಕ್ಕಿಂತ ಮೊದಲು ನಮ್ಮ ದೈವ ಕೊರಗಜ್ಜನಿಗೆ ಹರಕೆ ಹೇಳುತ್ತಾರೆ. ಅಜ್ಜನಿಗೆ ಬೇಕಾದದ್ದು ವೀಳ್ಯದೆಲೆ, ಚಕ್ಕುಲಿ, ಮತ್ತೆ ಕಳಿ. ಕಳಿ ಎಂದರೆ ಕಳ್ಳು. ಇವಳು ಗಾಬರಿಯಲ್ಲಿ ಒಂದು ಕುಪ್ಪಿ ಕಳಿಯನ್ನೇ ಒಪ್ಪಿಕೊಂಡಳು. ಮಧ್ಯಾಹ್ನಕ್ಕೆ ಓಲೆ ತೆಂಗಿನಕಾಯಿ ಹೆರೆಯುವ ಮಣೆಯ ಅಡಿಯಲ್ಲಿ ಸಿಕ್ಕಿತು.

"ಇನ್ನು ನೀವು ಹೋಗಿ ಕಳಿ ತನ್ನಿ" ಎಂದಳು.

"ನಾನಾ? ನಿನ್ನ ಅಣ್ಣ ಬಂದಿದ್ದಾರಲ್ಲ, ಅವರನ್ನು ಕಳಿಸು."

"ಅಣ್ಣನನ್ನು ಕಳಿಸಿದರೆ ಅಜ್ಜನಿಗೆ ಖಾಲಿ ಕುಪ್ಪಿ ಸಿಕ್ಕೀತು ಅಷ್ಟೆ."

ಅಣ್ಣ, ಅಂದರೆ ನನ್ನ ಭಾವ, ದುಬಾಯಿಯಿಂದ ರಜೆಯಲ್ಲಿ ಬಂದಿದ್ದರು. ಜಗಲಿಯಲ್ಲಿ ಕುಳಿತು ಇದನ್ನು ಕೇಳಿಸಿಕೊಂಡ ಅವರಿಗೆ ಬೇಸರವೇನೂ ಆಗಲಿಲ್ಲ. ಕಳ್ಳಿನ ವಿಷಯದಲ್ಲಿ ಅವರು ಪಂಡಿತರು. ಹೊಳೆ ಬದಿಯ ತೆಂಗಿನ ಕಳ್ಳಿಗೆ ಒಂದು ರುಚಿಯಂತೆ, ಗುಡ್ಡೆಯ ಮರದ್ದಕ್ಕೆ ಇನ್ನೊಂದಂತೆ, ಬೆಳಗ್ಗಿನದು ಹುಡುಗಿಯಂತೆ, ಸಂಜೆಯದು ಅತ್ತೆಯಂತೆ. "ಹೊರದೇಶದಲ್ಲಿ ಹಳ್ಳಿಹಳ್ಳಿಗೆ ಒಂದೊಂದು ಬಿಯರು ಮಾಡ್ತಾರೆ ಭಾವ. ಹಲಗೆಯಲ್ಲಿ ಸಣ್ಣ ಸಣ್ಣ ಗ್ಲಾಸು ಜೋಡಿಸಿ ರುಚಿ ನೋಡ್ಲಿಕ್ಕೆ ಕೊಡ್ತಾರೆ. ಅದನ್ನು ನೋಡ್ಲಿಕ್ಕೆ ಜನ ವಿಮಾನ ಹತ್ತಿ ಬರ್ತಾರೆ. ನಮ್ಮಲ್ಲಿ ಮರವೇ ಬ್ರೂವರಿ ಮಾರಾಯ್ರೆ, ಆದ್ರೆ ನಿಮ್ಮಂಥವರು ಮುಖ ಮುಚ್ಚಿಕೊಂಡು ಹೋಗ್ತೀರಿ!" ಎಂದರು. ಮುಖ ಮುಚ್ಚುವ ಉಪಾಯ ನನಗೆ ಹೊಳೆದದ್ದು ಆಗಲೇ. ಕೊರೋನಾ ಕಾಲದ ಮಾಸ್ಕೊಂದು ಕಪಾಟಿನಲ್ಲಿತ್ತು.

ಮಂಜೇಶ್ವರದ ಆಸುಪಾಸಿನಲ್ಲಿ ಕಳ್ಳಿನ ಷಾಪು ಇಲ್ಲವೆಂದಲ್ಲ. ಆದರೆ ಗುರುತಿನವರು ಇರುತ್ತಾರೆಂದು ನಾನು ಬಸ್ಸು ಹತ್ತಿ ಶಿರಿಯದ ಕಡೆಗೆ ಹೋದೆ. ಹೊಳೆಯ ಬದಿಯಲ್ಲಿ ಒಂದು ಷಾಪು, ಬೆಂಚುಗಳ ತುಂಬ ಜನ, ಒಳಗಿನಿಂದ ಮೀನುಸಾರಿನ ಪರಿಮಳ. ನನ್ನ ಮೊದಲ ಹತ್ತು ವರ್ಷದ ನೌಕರಿ ಇದೇ ಶಿರಿಯದ ಶಾಲೆಯಲ್ಲಿ ಎಂಬುದು ನೆನಪಾದದ್ದು ಬಾಗಿಲಲ್ಲಿ ನಿಂತ ಮೇಲೆ. ಮಾಸ್ಕು ಏನೂ ಪ್ರಯೋಜನಕ್ಕೆ ಬರಲಿಲ್ಲ. ಬೆಂಚಿನಲ್ಲಿದ್ದ ನರೆಗೂದಲಿನವರೆಲ್ಲ ಒಟ್ಟಿಗೆ ಎದ್ದು ನಿಂತು ಗ್ಲಾಸುಗಳನ್ನು ಬೆನ್ನ ಹಿಂದೆ ಅಡಗಿಸಿದರು. "ನಮಸ್ತೇ ಮಾಷ್ಟ್ರೇ" ಎಂಬ ಸ್ವರ ಮಾತ್ರ ಹಳೆಯ ತರಗತಿಯದ್ದೇ.

"ನನಗಲ್ಲ, ಅಜ್ಜನಿಗೆ" ಎಂದೆ.

"ಹೌದು ಮಾಷ್ಟ್ರೇ" ಎಂದ ಮುಂದಿನ ಬೆಂಚಿನವ, "ನಾವೂ ಅಜ್ಜನಿಗೇ."

ನಗು ತಡೆದುಕೊಂಡ ಮುಖಗಳ ನಡುವಿನಿಂದ ಕುಪ್ಪಿ ಹಿಡಿದು ಹೊರಬಂದೆ. ಬಸ್ಸಿನಲ್ಲಿ ವಾಸನೆ ಹೊರಗೆ ಬರಬಾರದಲ್ಲ. ಅದಕ್ಕಾಗಿ ಮುಚ್ಚಳವನ್ನು ಬಲವಾಗಿ ತಿರುಗಿಸಿ, ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿ, ಚೀಲದಲ್ಲಿಟ್ಟು ತೊಡೆಯ ಮೇಲೆ ಅಪ್ಪಿಕೊಂಡು ಕುಳಿತೆ. ಹುದುಗುವಾಗ ಅನಿಲ ಹೊರಬರುತ್ತದೆ ಎಂದು ಕರಿಹಲಗೆಯ ಮೇಲೆ ಬರೆದು ಬರೆದು ಚಾಕ್ ಸವೆಸಿದವನು ನಾನು. ಅದು ಪರೀಕ್ಷೆಗೆ ಬರುವ ಪ್ರಶ್ನೆ ಎಂದಷ್ಟೇ ನಾನು ತಿಳಿದಿದ್ದೆನೆಂದು ಕಾಣುತ್ತದೆ. ಇಳಿಮಧ್ಯಾಹ್ನದ ಬಿಸಿಲು, ಹೆದ್ದಾರಿಯ ಕುಲುಕಾಟ. ಉಪ್ಪಳ ದಾಟುವಾಗ ಚೀಲದೊಳಗೆ ಗರ್ನಾಲು ಸಿಡಿದ ಹಾಗೆ ಸದ್ದಾಯಿತು. ಅಂಗಿ, ಪಂಚೆ, ಕನ್ನಡಕ, ಎಲ್ಲಕ್ಕೂ ನೊರೆಯ ಅಭಿಷೇಕ. ಪಕ್ಕದಲ್ಲಿದ್ದ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಈ ಪ್ರಾಯದಲ್ಲಿ ಇದೆಲ್ಲ ಎಂತಕ್ಕೆ ಮಾರಾಯ್ರೆ?" ಎಂದರು. ನಾನು ಹರಕೆಯ ಕತೆ ಹೇಳತೊಡಗಿದೆ. ಹೇಳಿದಷ್ಟೂ ಅದು ಕುಡಿದವನ ಮಾತಿನ ಹಾಗೆಯೇ ಕೇಳಿಸುತ್ತಿತ್ತು. ಇಳಿಯುವಾಗ ಕಂಡಕ್ಟರು ನನ್ನ ರಟ್ಟೆ ಹಿಡಿದು, "ನಿಧಾನ ಮಾಷ್ಟ್ರೇ, ಮೆಟ್ಟಿಲು ಉಂಟು" ಎಂದ. ಅಷ್ಟು ಮರ್ಯಾದೆಯಿಂದ ಅವನು ನನ್ನನ್ನು ಹಿಂದೆ ಯಾವತ್ತೂ ಇಳಿಸಿದ್ದಿಲ್ಲ.

ಮರುದಿನ ಹೆಂಡತಿ ತಾನೇ ಹೋಗಿ ಕಳಿ ತಂದು ಅಜ್ಜನ ಕಟ್ಟೆಯಲ್ಲಿಟ್ಟು ಕೈಮುಗಿದು ಬಂದಳು. ಅವಳ ಬಗ್ಗೆ ಊರು ಒಂದು ಮಾತೂ ಆಡಲಿಲ್ಲ. ನನ್ನ ಸುದ್ದಿ ಮಾತ್ರ ನನಗಿಂತ ಮೊದಲೇ ಅಂಗಡಿ, ಕ್ಷೌರದಂಗಡಿ, ರೈಲ್ವೆ ಸ್ಟೇಷನ್ನು ಎಲ್ಲ ಕಡೆ ತಲುಪುತ್ತಿತ್ತು. ಭಾಷಣದ ದಿನ ಹತ್ತಿರ ಬಂದರೂ ಶಾಲೆಯಿಂದ ಕರೆ ಬರಲಿಲ್ಲ. ನಾನು ಸುಳ್ಳು ಹೇಳುವುದಿಲ್ಲ, ನನಗೆ ಬಹಳ ದುಃಖವಾಯಿತು. ಹಳೆಯ ಶಾಲುಗಳನ್ನು ತೆಗೆದು ಮಡಚಿಟ್ಟೆ, ಮತ್ತೆ ತೆಗೆದು ಮತ್ತೆ ಮಡಚಿದೆ.

ಕೊನೆಗೆ ಹೆಡ್ ಟೀಚರ ಫೋನು ಬಂತು. "ಈ ವರ್ಷವೂ ನೀವೇ ಬರಬೇಕು ಮಾಷ್ಟ್ರೇ. ಸುಮ್ಮನೆ ಉಪದೇಶ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಕುಡಿದು, ಆಮೇಲೆ ಬಿಟ್ಟವರು ಹೇಳಿದರೆ ಮಕ್ಕಳು ಕೇಳ್ತಾರೆ" ಎಂದರು. ತಿದ್ದಲು ಬಾಯಿ ತೆರೆದೆ. ತಿದ್ದಿದರೆ ಬೇರೆಯವರನ್ನು ಕರೆದಾರು ಎಂದು ಮುಚ್ಚಿದೆ.

ಆ ದಿನ ಸಭೆಯಲ್ಲಿ ಒಬ್ಬರೂ ನಿದ್ದೆ ಮಾಡಲಿಲ್ಲ. ಹಿಂದಿನ ವರ್ಷದ್ದೇ ಭಾಷಣ, ಅದೇ ಮಾತುಗಳು, ಆದರೂ ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಬಿಡ್ಲಿಕ್ಕೆ ನಿಮಗೆ ತುಂಬ ಕಷ್ಟ ಆಯ್ತಾ ಸರ್?" ಎಂದು ಕೇಳಿದಳು.

ನನಗೆ ಹೊದೆಸಿದ್ದ ಶಾಲನ್ನು ಸ್ವಲ್ಪ ಸರಿಪಡಿಸಿಕೊಂಡೆ.

"ತುಂಬ ಮಗಾ" ಎಂದೆ.