ಸೋಮನಿಂಗನ ತಕರಾರು ಅರ್ಜಿ

ಸೋಮನಿಂಗನಿಗೆ ಸಿಟ್ಟು ಬಂದಿತ್ತು. ಇದೇನು ಸುದ್ದಿಯೇ ಎಂದು ಅವನ ಓಣಿಯವರು ಕೇಳಿಯಾರು. ಅವನಿಗೆ ಸಿಟ್ಟು ಬಾರದ ದಿನವೇ ಅಲ್ಲಿ ಸುದ್ದಿ. ಆದರೆ ಈ ಸಲದ ಕಾರಣ ಬೇರೆ. ತಾನು ಕೇಳಿದ ಕೂಡಲೇ ಪಕ್ಕದ ಮನೆಯ ಇಸ್ಮಾಯಿಲ ಹೂಂ ಅಂದುಬಿಟ್ಟಿದ್ದ.

ಇಂಗಳೇಶ್ವರಕ್ಕೆ ಕೊಟ್ಟ ಮಗಳು ಕಾವೇರಿಗೆ ಈಗ ಐದು ತಿಂಗಳು. ಬಸಿರಿಯ ಕುಬಸದ ಶಾಸ್ತ್ರ ಮಾಡಿ ಚೊಚ್ಚಲ ಹೆರಿಗೆಗೆ ಕರೆತರಬೇಕು. ಮನೆಯಲ್ಲಿರುವುದು ಎರಡೇ ಕೋಣೆ. ಒಂದರಲ್ಲಿ ಅಡಿಗೆ, ಇನ್ನೊಂದರಲ್ಲಿ ಸೋಮನಿಂಗ. (ಅವನಿದ್ದ ಕೋಣೆಯಲ್ಲಿ ಕೂಸು ಮಲಗುವುದು ದೂರದ ಮಾತು, ಬೆಕ್ಕು ಕೂಡ ಮಲಗುತ್ತಿರಲಿಲ್ಲ.) ಬಾಣಂತಿಗೊಂದು ಕೋಣೆ ಆಗಲೇಬೇಕೆಂದು ಹೆಂಡತಿ ರೇವವ್ವ ಹಟ ಹಿಡಿದಳು. ಜಾಗವಿದ್ದದ್ದು ಇಸ್ಮಾಯಿಲನ ಗೋಡೆಯ ಕಡೆಗೆ ಮಾತ್ರ. ಅಲ್ಲಿ ಮೂರು ಅಡಿ ಖಾಲಿ ಬಿಡಬೇಕೆಂಬುದು ಪುರಸಭೆಯ ಕಾನೂನು. ಒಂದೇ ಅಡಿ ಬಿಡುತ್ತೇವೆ, ರಿಯಾಯಿತಿ ಕೊಡಿ ಎಂದು ಅರ್ಜಿ ಹಾಕಬೇಕು, ಪಕ್ಕದವರ ಒಪ್ಪಿಗೆ ಪತ್ರ ಲಗತ್ತಿಸಬೇಕು. ಆಮೇಲೆ ಹದಿನೈದು ದಿನ ನೋಟೀಸು ಹಚ್ಚುತ್ತಾರೆ; ಯಾರದಾದರೂ ತಕರಾರು ಬಂದರೆ ವಿಚಾರಣೆ.

ಒಪ್ಪಿಗೆ ಕೇಳಲು ಹೋಗುವ ಮುಂಚೆ ಸೋಮನಿಂಗ ಮೂರು ದಿನ ತಾಲೀಮು ಮಾಡಿದ. ಇಸ್ಮಾಯಿಲ ಗಾಳಿ ಅಂದರೆ ಏನನ್ನಬೇಕು, ಬೆಳಕು ಅಂದರೆ ಏನನ್ನಬೇಕು, ಅವನ ಆಡು ತನ್ನ ನುಗ್ಗೆಗಿಡ ಮೇಯ್ದ ಐತಿಹಾಸಿಕ ಘಟನೆಯನ್ನು ಯಾವ ಹಂತದಲ್ಲಿ ಎತ್ತಬೇಕು, ಎಲ್ಲ ಬಾಯಿಪಾಠ. ಇಸ್ಮಾಯಿಲ ಚಹಾ ಕುಡಿಸಿದ, ಕಾಗದ ಓದದೆ ಸಹಿ ಮಾಡಿದ. ಅವನ ಹೆಂಡತಿ ಜನ್ನತಬಿ ಒಳಗಿನಿಂದಲೇ, "ಲಗೂನ ಕಟ್ರಿ ಅಣ್ಣಾರ" ಎಂದಳು. ಆಡಬೇಕೆಂದಿದ್ದ ಮಾತೆಲ್ಲ ಹೊಟ್ಟೆಯಲ್ಲೇ ಉಳಿದು ಸೋಮನಿಂಗನಿಗೆ ಅಜೀರ್ಣವಾಯಿತು.

"ಏನೋ ಐತಿ" ಎಂದ, ಮನೆಗೆ ಬಂದು.

"ಏನೈತಿ? ಸಹಿ ಐತಿ" ಎಂದಳು ರೇವವ್ವ.

"ಬಾಜೂಕ ಗೋಡಿ ಏಳ್ತೈತಿ ಅಂದ್ರ ಯಾರರೆ ಚಾ ಕುಡಿಸ್ತಾರೇನ? ಇದರಾಗ ಅವಂದೇನೋ ಲಾಭ ಐತಿ."

"ಮಂದಿ ಜಗಳಾಡಿದ್ರ ಜಗಳಗಂಟರಂತೀರಿ, ಆಡ್ಲಿಲ್ಲಂದ್ರ ಕಳ್ಳರಂತೀರಿ. ನಿಮಗ ಹೆಂಗಿದ್ರ ನಡೀತೈತಿ?"

"ನಿನಗ ತಿಳಿಯೂದಿಲ್ಲ, ಸುಮ್ಕಿರು."

ಸುಮ್ಮನಿರಲಾಗದವನು ಅವನೇ. ನೋಟೀಸು ಹಚ್ಚಿದ ಮೇಲೆ ದಿನಾ ಪುರಸಭೆಗೆ ಹೋಗಿ, ತಕರಾರು ಬಂತೇ ಎಂದು ಗುಮಾಸ್ತನನ್ನು ಕೇಳಿದ. "ಇಲ್ರಿ." ಹತ್ತನೆಯ ದಿನವೂ "ಇಲ್ರಿ." ಇಡೀ ಓಣಿಯಲ್ಲಿ ಒಬ್ಬನಿಗೂ ತನ್ನ ಮೇಲೆ ತಕರಾರಿಲ್ಲವೆಂದು ಅವನ ರಕ್ತ ಕುದಿಯಿತು. ಖಂಡಿತ ಮಸಲತ್ತು. ಇವತ್ತು ತನಗೆ ರಿಯಾಯಿತಿ ಸಿಕ್ಕರೆ ನಾಳೆ ಅದನ್ನೇ ತೋರಿಸಿ ಇಸ್ಮಾಯಿಲ ಮಾಳಿಗೆ ಏರಿಸುತ್ತಾನೆ, ತನ್ನ ಅಂಗಳಕ್ಕೆ ಬಿಸಿಲೇ ಬೀಳುವುದಿಲ್ಲ. ಹದಿನೈದನೆಯ ದಿನ ಕಚೇರಿ ಮುಚ್ಚುವ ಹೊತ್ತಿಗೆ ತಕರಾರು ಬಂತು. ಎರಡು ಪುಟ, "ಗಾಳಿ, ಬೆಳಕು, ಮಾನ, ಮರ್ಯಾದೆಗಳ ಘನಘೋರ ಹಾನಿ" ಎಂದು ಶುರು. ಕೆಳಗೆ ಸೋಮನಿಂಗನ ಸಹಿ.

"ಅರ್ಜಿ ನಿಮ್ಮದ ಅಲ್ರಿ?" ಎಂದ ಗುಮಾಸ್ತ.

"ಅರ್ಜಿ ನಂದು, ತಕರಾರೂ ನಂದು. ಎರಡೂ ಒಬ್ಬನ ಕೊಡಬಾರದಂತ ಎಲ್ಲಿ ಬರದೈತಿ?"

ಎಲ್ಲಿಯೂ ಬರೆದಿರಲಿಲ್ಲ. ಠಸ್ಸೆ ಬಿತ್ತು.

ವಿಚಾರಣೆಗೆ ಎರಡು ಕರೆಪತ್ರ ಬಂದವು, ಅರ್ಜಿದಾರನಿಗೊಂದು, ತಕರಾರುದಾರನಿಗೊಂದು. ರೇವವ್ವ ಎರಡನ್ನೂ ಓದಿದಳು. ಅವತ್ತು ಅವಳು ರೊಟ್ಟಿ ಬಡಿದ ಸಪ್ಪಳ ಓಣಿಯ ತುದಿಗೆ ಕೇಳಿತು.

"ಎರಡ ತಿಂಗಳಿಗೆ ಹುಡುಗಿ ಬರ್ತಾಳ. ಎಲ್ಲಿ ಮಲಗಸ್ಲಿ? ನಿಮ್ಮ ತಕರಾರಿನ ಮ್ಯಾಲ?"

ಸೋಮನಿಂಗನಿಗೂ ಒಳಗೊಳಗೆ ಹೆದರಿಕೆ ಹತ್ತಿತ್ತು. ಆದರೆ ಹಿಂದೆ ಸರಿಯುವುದು ಅವನ ಮನೆತನದಲ್ಲೇ ಇರಲಿಲ್ಲ.

ವಿಚಾರಣೆಯ ದಿನ ರೇವವ್ವ, ಇಸ್ಮಾಯಿಲ, ಜೊತೆಗೆ ಇಡೀ ಓಣಿ ಪುರಸಭೆಯಲ್ಲಿ ನೆರೆಯಿತು. ಮುಖ್ಯಾಧಿಕಾರಿ ದಾನೇಶ್ವರಿ ಮೇಡಂ ಕಾಗದ ನೋಡಿ, "ಅರ್ಜಿದಾರರು ಎಡಕ್ಕ ನಿಂದರ್ರಿ, ತಕರಾರುದಾರರು ಬಲಕ್ಕ" ಎಂದರು. ಸೋಮನಿಂಗ ನಡುವೆ ನಿಂತ. ಮೇಡಂ ಅವನನ್ನು ಬಿಟ್ಟು ಇಸ್ಮಾಯಿಲನ ಕಡೆ ತಿರುಗಿದರು.

"ಗಾಳಿ ಬೆಳಕು ಹೋಗೂದು ನಿಮಗ. ನೀವ್ಯಾಕ ಒಪ್ಪಿದ್ರಿ?"

ಇಸ್ಮಾಯಿಲ ಒಂದು ಹೆಜ್ಜೆ ಮುಂದೆ ಬಂದ.

"ಹೇಳಪಾ, ನಿಂದೇನ ಲಾಭ ಐತಿ ಹೇಳು" ಎಂದು ಸೋಮನಿಂಗ ಗೆದ್ದವನಂತೆ ಎದೆ ಉಬ್ಬಿಸಿದ.

"ಲಾಭ ಐತ್ರಿ ಮೇಡಂ. ಸೋಮಣ್ಣ ಮಲಗೂ ಹೊರಸು ನಮ್ಮ ಕಡೆ ಕಿಡಕಿ ಬಾಜೂಕ ಐತಿ. ಹನ್ನೊಂದ ವರ್ಷ ಆತು, ನಾವು ಅವನ ಬೈಗಳಾ ಕೇಳ್ಕೋತ ಉಣ್ಣಾಕತ್ತೇವಿ. ಅಲ್ಲಿ ಕೋಣಿ ಎದ್ರ ದನಿ ತಡೀತೈತಿ. ಗಾಳಿ ಹೋದ್ರ ಫ್ಯಾನ್ ಹಚ್ಕೋತೇವ್ರಿ."

ಹಿಂದೆ ನಿಂತಿದ್ದ ಓಣಿಯವರೆಲ್ಲ "ಹೌದ್ರಿ" ಎಂದರು.

"ನನ್ನ ದನಿ ಎಲ್ಲಿ ಜೋರೈತಿ?" ಎಂದ ಸೋಮನಿಂಗ. ಏನಾಯಿತೋ ಎಂದು ನೀರಿನ ವಿಭಾಗದವರು ಓಡಿ ಬಂದರು.

ಮೇಡಂ ಕೇಳುವ ಮೊದಲೇ ರೇವವ್ವ ಅವನ ಕೈಗೆ ಪೆನ್ನು ಕೊಟ್ಟಳು. ಅವಳ ಕಣ್ಣು ನೋಡಿ ಅವನು ತಕರಾರು ಹಿಂದಕ್ಕೆ ತೆಗೆದುಕೊಂಡ. ಇಸ್ಮಾಯಿಲನ ಕಡೆಗೆ ಕಿಟಕಿ ಇಡಬಾರದೆಂಬ ಷರತ್ತಿನ ಮೇಲೆ ರಿಯಾಯಿತಿ ಮಂಜೂರಾಯಿತು. ಎಲ್ಲರೂ ಏಳುವಷ್ಟರಲ್ಲಿ ರೇವವ್ವ ಮುಂದೆ ಬಂದಳು.

"ಮೇಡಂ, ನಂದೂ ಒಂದ ಅರ್ಜಿ ಐತ್ರಿ. ಬಾಣಂತಿ ಕೋಣಿಗೂ ಇವರ ಹೊರಸಿಗೂ ನಡಕ ಇನ್ನೊಂದ ಗೋಡಿ ಹಾಕಬೇಕು. ಎಷ್ಟ ದಪ್ಪ ಹಾಕಾಕ ಕಾನೂನು ಐತಿ?"

"ಮನಿಯೊಳಗಿನ ಗೋಡಿಗೆ ಪರವಾನಗಿ ಬೇಕಾಗಿಲ್ರಿ. ನಿಮಗ ತಿಳಿದಷ್ಟ ದಪ್ಪ ಹಾಕ್ಕೋರಿ."

ಸೋಮನಿಂಗ ತಕರಾರು ಎತ್ತಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಇಸ್ಮಾಯಿಲನ ದನಿ ಕೇಳಿತು.

"ಇಟ್ಟಂಗಿ ನಾ ಕೊಡ್ತೇನಿ, ವೈನಿ."